ಮುದ್ದೀರಯ್ಯನ ಹಿಡಿರಾಗಿ

ನಂಬೋದಿಲ್ಲ ಅನ್ನುವವರು ಈಗಲೇ ಹೇಳಿಬಿಡಿ, ಬೇಜಾರಿಲ್ಲ. ಕತೆ ಮುಗಿದ ಮೇಲೂ ಹಾಗೇ ಅನ್ನುತ್ತೀರೋ, ನೋಡೇಬಿಡೋಣ. ಇಂಥವನು ಸುತ್ತ ಹತ್ತೂರಲ್ಲಿ ಹುಟ್ಟಿಲ್ಲ. ಹುಟ್ಟಿದ್ದು ನಮ್ಮ ಕಣಿಗಲ್ಲಹಳ್ಳಿಯಲ್ಲಿ ಮಾತ್ರ.

ಬಲು ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಮೀಸೆ ಮೂಡದ ಕಾಲಕ್ಕೆ, ಈ ಊರಲ್ಲಿ ಮುದ್ದೀರಯ್ಯ ಅಂತ ಒಬ್ಬ ಬೇಸಾಯಗಾರ ಇದ್ದನಂತೆ. ಆಗಿನ ರಾಗಿ ಒಂದು ಗಾಳಿಮಳೆಗೆ ನೆಲಕ್ಕೊರಗುತ್ತಿತ್ತಂತೆ. ಒಂದು ವರ್ಷ ಹೊಲಕ್ಕೆ ಹೊಲವೇ ಮಲಗಿದಾಗ, ಅವನ ಬದುವಿನ ಪಕ್ಕ ಒಂದೇ ಒಂದು ಕುಳ್ಳ ಗಿಡ ನೆಟ್ಟಗೆ ನಿಂತಿತ್ತಂತೆ, ತೆನೆ ಬಿಗಿಹಿಡಿದ ಮುಷ್ಟಿಯ ಹಾಗೆ. ಅದರ ಕಾಳನ್ನೇ ಬೇರೆ ಬಿತ್ತಿದ. ಬಂದದ್ದರಲ್ಲಿ ಬೆರಕೆ ಕಂಡದ್ದನ್ನೆಲ್ಲ ಕಿತ್ತೆಸೆದ. ಮತ್ತೆ ಬಿತ್ತಿದ, ಮತ್ತೆ ಕಿತ್ತ. ಹೀಗೆ ಏಳು ವರ್ಷ. ಹೆಂಡತಿ ಪುಟ್ಟಕೆಂಚಿ, “ನಿಮಗೆ ರಾಗಿ ತೆನೇನೇ ಕಟ್ಟಬೇಕಿತ್ತು, ನನ್ನನ್ನಲ್ಲ” ಅಂತ ಹಂಗಿಸುತ್ತಿದ್ದಳಂತೆ.

ಎಂಟನೇ ವರ್ಷ ಎಂಥ ಮಳೆಗೂ ಆ ರಾಗಿ ಬೀಳಲಿಲ್ಲ. ಕೇಳಿದವರಿಗೆಲ್ಲ ಒಂದೊಂದು ಹಿಡಿ ಬೀಜ ಕೊಟ್ಟ. ಊರ ಪಟೇಲರಿಗೂ ಕೊಟ್ಟ.

ಪಟೇಲರು ಎರಡು ಬೆಳೆ ತೆಗೆದು, ಇದು ನಮ್ಮ ಮನೆಯ ತಳಿ, ನಮ್ಮ ಅಪ್ಪಣೆಯಿಲ್ಲದೆ ಯಾರೂ ಬಿತ್ತಕೂಡದು ಅಂತ ಡಂಗುರ ಸಾರಿಸಿಬಿಟ್ಟರಂತೆ. ಮುದ್ದೀರಯ್ಯನೂ ಬಿತ್ತುವ ಹಾಗಿಲ್ಲ! ಅವನು ಸೀದಾ ಚಾವಡಿಗೆ ಹೋಗಿ, ಇದು ನಾನು ಮಾಡಿದ ತಳಿ ಅಂದ. ಪಟೇಲರು ನಕ್ಕು, “ಕಾಳಿನ ಮೇಲೆ ನಿನ್ನ ಹೆಸರು ಬರೆದಿದೆಯೇನೋ ಮುದ್ದ?” ಅಂದರಂತೆ.

“ಕಾಳಿನ ಮೇಲಿಲ್ಲ ಸ್ವಾಮಿ, ಕೈಗೆ ಗೊತ್ತಿದೆ. ಹಳೇದು ಹೊಸದು ಬೆರೆಸಿ ಒಂದೇ ಮಡಿಗೆ ಹಾಕಿಸಿ. ಗೇಣುದ್ದ ಪೈರಾದಾಗ ಹೊಸದನ್ನ ನಾನೂ ಆರಿಸ್ತೀನಿ, ನೀವೂ ಆರಿಸಿ. ಮಳೆಗೆ ಬೀಳದ್ದು ಯಾರದೋ ತಳಿ ಅವರದು.”

ಊರು ಒಪ್ಪಿತು. ಒಳ್ಳೇ ರಾಗಿಯ ಪೈರು ಚೆಂದವೇ ಇರಬೇಕಲ್ಲ ಅಂತ ಪಟೇಲರು ಎತ್ತರದ ಕಡುಹಸಿರು ಪೈರನ್ನೇ ಹೆಕ್ಕಿದರು. ಮುದ್ದೀರಯ್ಯ ಬಡಕಲು ಪೈರು ಹೆಕ್ಕಿದ, ಅದೂ ಬುಡದಲ್ಲಿ ಎಳೆಗೆಂಪು ಕಂಡರೆ ಮಾತ್ರ. ಕಣ್ಣು ಮುಚ್ಚಿಕೊಂಡೇ ಹೆಕ್ಕಿದ ಅನ್ನುವವರೂ ಇದ್ದಾರೆ. ಅಕ್ಕಪಕ್ಕದ ಎರಡು ಪಟ್ಟಿ ನೆಲದಲ್ಲಿ ನಾಟಿ ಮಾಡಿ ಊರೆಲ್ಲ ಕಾದರು.

ತೆನೆ ತುಂಬುವ ಹೊತ್ತಿಗೆ ಚಿತ್ತೆ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಪಟೇಲರ ಪಟ್ಟಿ ಪೂರಾ ಮಲಗಿತ್ತು. ಮುದ್ದೀರಯ್ಯನ ಪಟ್ಟಿಯಲ್ಲಿ ಒಂದು ಗಿಡವೂ ಬಾಗಿರಲಿಲ್ಲವಂತೆ. ಪಟೇಲರು ಹೆಗಲ ಮೇಲಿನ ವಸ್ತ್ರ ತೆಗೆದು, “ನಿನ್ನದೇ ಕಣಯ್ಯ” ಅಂದರು.

ಏನು ಬೇಕು ಕೇಳು ಅಂದರೆ, ಬೀಜಕ್ಕೆ ಬೀಗ ಹಾಕಬೇಡಿ, ಮಾಡಿದವನನ್ನು ಮರೀಬೇಡಿ ಅಂದನಂತೆ.

ಈಗಲೂ ನಮ್ಮೂರಲ್ಲಿ ಬಿತ್ತನೆ ರಾಗಿ ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ಇಸಕೊಂಡವರು ಬಿತ್ತುವ ಮೊದಲು ಅದರಲ್ಲೊಂದು ಹಿಡಿ ತೆಗೆದು, ಮುದ್ದೀರಯ್ಯನದು ಅಂತ ಹೆಸರು ಹೇಳಿ, ಬದುವಿನ ಮೇಲೆ ಚೆಲ್ಲುತ್ತಾರೆ. ಅವನಿಗೆ ಇನಾಮು ಕೊಡಲಿಲ್ಲ, ಹೊಲ ಕೊಡಲಿಲ್ಲ. ಕೊಟ್ಟಿದ್ದು ಆ ಒಂದು ಹಿಡಿ ರಾಗಿ.