ಸಾಹುಕಾರರು ಆರಿಸಿದ ಯಂತ್ರ

ಚಿನ್ನದ ಗಟ್ಟಿ ಹುಡುಕುವ ಮೆಟಲ್ ಡಿಟೆಕ್ಟರ್ ಕೊಳ್ಳಲು ರಾಯಚೂರಿಗೆ ಹೋದ ಸಾಹುಕಾರ ವಿರೂಪನಗೌಡರು, ಯಾವುದೆಂದು ತೀರ್ಮಾನವಾಗದೆ ಮಧ್ಯಾಹ್ನದ ಊಟ ತಪ್ಪಿಸಿಕೊಂಡರೆಂದು ವರದಿಯಾಗಿದೆ. ಜೊತೆಗೆ ಸೊಂಟನೋವಿನ ಆಳು ಹುಸೇನಪ್ಪನಿದ್ದ.

“ಜೋರಾಗಿ ಕೂಗೋದು ಬೇಕು,” ಎಂದರು ಗೌಡರು. “ನಾ ನೆರಳಾಗ ಕೂತು ಕೇಳ್ತೀನಿ. ಹುಸೇನಪ್ಪ ಬಿಸಿಲಾಗ ಗುಡ್ಡ ತಿರುಗಿ, ಕೂಗಿದಲ್ಲೆಲ್ಲ ಅಗೀತಾನ.”

ಹುಸೇನಪ್ಪ ತಲೆಯಾಡಿಸಿದ. “ಆಗ್ಲಿರಿ ಧಣಿ. ನಿಮಗ ಕೇಳಿಸಿದ್ದು ಊರಿಗೂ ಕೇಳಸ್ತದ, ಅಷ್ಟ.”

ಗೌಡರು ತಕ್ಷಣ ಅಂಗಡಿಯವನಿಂದ ಹೆಡ್‌ಫೋನಿನ ಯಂತ್ರ ತೆಗೆಸಿದರು. “ಇದನ್ನ ನೀ ಕಿವಿಗೆ ಹಾಕ್ಕೋ.”

“ಹಾಕ್ಕೋತೀನ್ರಿ. ಚಿನ್ನದ ಸಪ್ಪಳ ಬಂದ್ರ ನನಗೊಬ್ಬನಿಗೇ ಗೊತ್ತಾಗ್ತದ. ಆಮ್ಯಾಲ ಬಂದು ನಿಮಗ ಹೇಳ್ತೀನಿ.”

ಕಣಜದ ಬೀಗದ ಕೈಯನ್ನು ಸ್ವಂತ ತಮ್ಮನಿಗೂ ಕೊಡದ ಗೌಡರು ಹೆಡ್‌ಫೋನನ್ನು ತಮ್ಮ ಕಿವಿಗೇ ಹಾಕಿ ನೋಡಿದರು. ಸರಿಯಾಗಿ ಕೂತಿತು.

“ಅಗಿಯೋದಾದ್ರೂ ನನಗಿರ್ಲಿ,” ಎಂದ ಹುಸೇನಪ್ಪ. “ಮಣ್ಣಾಗ ಏನದ ಅಂತ ಮೊದಲ ನಾನೇ ನೋಡ್ತೀನಿ.”

“ನೀ ಏನೂ ನೋಡಬ್ಯಾಡ,” ಎಂದರು ಗೌಡರು.

ಮರುದಿನ ಗೌಡರೇ ಯಂತ್ರ ಹಿಡಿದು ಗುಡ್ಡ ತಿರುಗಿದರು, ತಾವೇ ಅಗೆದರು. ಹುಸೇನಪ್ಪ ಅಪ್ಪಣೆಯಂತೆ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದ. ಸಂಜೆಯ ಹೊತ್ತಿಗೆ ಎತ್ತಿನ ಲಾಳ ಎರಡು ಸಿಕ್ಕವು.