ಕೆಂಚ ಯಾರ ನಾಯಿ?

ಒಂದು ರಾಜ್ಯವಿತ್ತು. ಅದನ್ನು ಆಳಿದ ರಾಜನ ಹೆಸರು ಈಗ ಯಾರ ನೆನಪಿನಲ್ಲೂ ಇಲ್ಲ. ಆದರೆ ಆ ರಾಜ್ಯದ ಅಂಚಿನಲ್ಲಿ, ಹಳ್ಳದ ದಂಡೆಯ ಕುರುಬರ ಹಟ್ಟಿಯಲ್ಲಿ, ಒಂದು ನಾಯಿ ಇತ್ತಲ್ಲ, ಅದರ ಹೆಸರು ಮಾತ್ರ ಬಾಯಿಂದ ಬಾಯಿಗೆ ದಾಟಿಕೊಂಡು ನಮ್ಮವರೆಗೂ ಬಂದಿದೆ. ಕೆಂಚ ಅಂತ ಅದರ ಹೆಸರು.

ಕೆಂಚನನ್ನು ಸಾಕಿದವನು ಮಾಳಿಂಗಜ್ಜ. ಮಿಂದು, ಹಣೆಗೆ ಭಂಡಾರ ಇಟ್ಟುಕೊಳ್ಳದೆ ಗುಟುಕು ನೀರನ್ನೂ ಕುಡಿಯದವನು. ಭಂಡಾರ ಅಂದರೆ ದೇವರ ಅರಿಶಿನದ ಪುಡಿ. ಅವನ ಮನೆದೇವರು ಮೈಲಾರಲಿಂಗ. ಪಡಸಾಲೆಯ ಗೋಡೆಗೂಡಿನಲ್ಲಿ ತಾತನ ಕಾಲದ ಬೆಳ್ಳಿಯ ಮುಖ ಇಟ್ಟು ಪೂಜೆ ಮಾಡುತ್ತಿದ್ದ. ಮನೆಮಂದಿಯೆಲ್ಲ ಹೊರಗೆ ಹೋಗುವ ದಿನ ದೇವರ ಮೇಲೆ ಒಂದು ಹಿಡಿ ಭಂಡಾರ ಏರಿಸಿ, ‘ನೀನಿದ್ದೀಯ, ನೋಡಿಕೋ’ ಅಂದು ಹೋಗುವುದು ಆ ಮನೆಯ ವಾಡಿಕೆ. ಬೀಗ ಅನ್ನುವುದನ್ನು ಆ ಬಾಗಿಲು ಕಂಡಿರಲಿಲ್ಲ.

ಒಳಗೆ ಮೈಲಾರ, ಹೊರಗೆ ಕೆಂಚ. ಹೀಗೆ ಮನೆ ನಡೆದಿತ್ತು. ಬಾಗಿಲ ಪಕ್ಕದ ಕಟ್ಟೆಯೇ ಕೆಂಚನ ಜಾಗ. ಪ್ರಾಯದಲ್ಲಿ ಅದರ ಬೊಗಳಿಗೆ ಹಳ್ಳದಾಚೆಯ ತೋಳ ಹಳ್ಳದಾಚೆಯೇ ನಿಲ್ಲುತ್ತಿತ್ತು. ಒಮ್ಮೆ ಮಾತ್ರ ನಿಲ್ಲಲಿಲ್ಲ. ಆವತ್ತು ಮರಿಗಳನ್ನು ಕೂಡುವ ರೊಪ್ಪದ ಮುಂದೆ ಕೆಂಚ ತೋಳದ ಮೇಲೆ ಬಿದ್ದು ಹೊರಳಾಡಿತು. ಮರಿಗಳೆಲ್ಲ ಉಳಿದವು. ಕೆಂಚನ ಎಡಗಿವಿ ಎರಡು ಸೀಳಾಯಿತು. ಮಾಳಿಂಗಜ್ಜ ತನ್ನ ಕೈಯಾರೆ ಅರಿಶಿನ ಮೆತ್ತಿ ವಾಸಿ ಮಾಡಿದ. ಅಷ್ಟು ಪ್ರೀತಿ. ಆದರೂ ಕೆಂಚ ಹೊಸ್ತಿಲು ದಾಟಿದ್ದಿಲ್ಲ. ದಾಟು ಅಂತ ಅಜ್ಜ ಕರೆದದ್ದೂ ಇಲ್ಲ.

ಕಾಲ ಯಾರಿಗೆ ಕಾಯುತ್ತದೆ? ಕೆಂಚನಿಗೆ ಮುಪ್ಪಾಯಿತು. ಮೂತಿ ನರೆಯಿತು. ಹಿಂಗಾಲು ಬಿಗಿಯಿತು. ಆ ವರ್ಷದ ಚಳಿಯೋ, ಕಲ್ಲನ್ನೂ ನಡುಗಿಸುವ ಚಳಿ.

ಮಾಳಿಂಗಜ್ಜನ ಸೊಸೆ ಹಾಲವ್ವ. ಮಾತು ಕಡಿಮೆ, ಕಣ್ಣು ಚುರುಕು. ಅವಳು ಒಂದು ಬೆಳಗ್ಗೆ ಕಟ್ಟೆಯ ಮೇಲೆ ಮುದುಡಿ ಮಲಗಿದ್ದ ಕೆಂಚನನ್ನು ನೋಡಿ, ಒಲೆಯ ಹತ್ತಿರ ಒಂದು ಮೂಲೆ ಕೊಡೋಣ ಅಂದಳು. ಅಜ್ಜ, ದೇವರಿರುವ ಮನೆ, ನಾಯಿ ಹೊಸ್ತಿಲು ದಾಟಿದರೆ ಮೈಲಿಗೆ ಅಂದ.

ಇನ್ನೊಂದು ಬೆಳಗ್ಗೆ ಇಬ್ಬನಿ ಬಿದ್ದು ಕೆಂಚನ ಬೆನ್ನು ಒದ್ದೆಯಾಗಿತ್ತು. ಹಾಲವ್ವ ಮತ್ತೆ ಕೇಳಿದಳು. ಒಳಗೆ ಬೆಚ್ಚಗೆ ಮಲಗಿದ ನಾಯಿ ಬೆಕ್ಕಾಗುತ್ತದೆ, ಬೊಗಳುವುದನ್ನೇ ಮರೆಯುತ್ತದೆ ಅಂದ ಅಜ್ಜ.

ಮೂರನೆಯ ಸಲ, ಕೆಂಚ ಎದ್ದು ನಿಲ್ಲಲು ಹೋಗಿ ನಿಲ್ಲಲಾರದೆ ಕೂತಾಗ, ಅವಳು ಕೇಳಿದಳು. ಆಗ ಅಜ್ಜ ಅವಳ ಕಡೆ ನೋಡಲೇ ಇಲ್ಲ.

“ಹಟ್ಟಿಯವರು ಏನಂದಾರು ಹೇಳವ್ವ? ಮಾಳಿಂಗನ ಮನೇಲಿ ನಾಯಿ ಹಾಸಿಗೆ ಮ್ಯಾಲೆ, ಮಾಳಿಂಗ ಕಟ್ಟೆ ಮ್ಯಾಲೆ ಅಂತ ನಗ್ತಾರೆ.”

ಹಾಗಂದವನು ತನ್ನ ಹೆಗಲ ಕಂಬಳಿ ತೆಗೆದು ಕೆಂಚನ ಮೇಲೆ ಹೊದಿಸಿ, ತಾನು ಬರಿಮೈಯಲ್ಲಿ ಒಳಗೆ ಹೋದ. ಹಾಲವ್ವ ಅದನ್ನು ಕಂಡಳು.

ಈಗ ಗೊರವರ ಮಾತಿಗೆ ಬರೋಣ. ಗೊರವರೆಂದರೆ ಮೈಲಾರನ ಒಕ್ಕಲು. ಮೈಮೇಲೆ ಕರಿಯ ಕಂಬಳಿಯ ನಿಲುವಂಗಿ, ತಲೆಗೆ ಕರಡಿಕೂದಲಿನ ಟೋಪಿ, ಕೈಯಲ್ಲಿ ಡಮರುಗ. ಅವರು ತಮ್ಮನ್ನು ತಾವೇ ಮೈಲಾರನ ನಾಯಿಗಳು ಅಂದುಕೊಳ್ಳುತ್ತಾರೆ. ಭಾನುವಾರ ಭಕ್ತರ ಮನೆಯಲ್ಲಿ ದೋಣಿಸೇವೆ ಆಗುತ್ತದೆ. ದೋಣಿಯಂಥ ಬಟ್ಟಲಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿ ಇಟ್ಟರೆ, ಗೊರವರು ಮಂಡಿಯೂರಿ, ಬೊಗಳಿ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ‘ನಾನು ದೊಡ್ಡವನಲ್ಲ ದೇವರೇ, ನಿನ್ನ ಬಾಗಿಲ ನಾಯಿ’ ಅಂತ ಅದರ ಅರ್ಥ. ಮಾಳಿಂಗಜ್ಜ ವರ್ಷವರ್ಷವೂ ಅವರನ್ನು ಕೈಹಿಡಿದು ಹೊಸ್ತಿಲು ದಾಟಿಸಿ, ಪಡಸಾಲೆಯಲ್ಲಿ ಹೊಸ ಕಂಬಳಿಯ ಮೇಲೆ ಕೂರಿಸುತ್ತಿದ್ದ. ಆ ಹೊತ್ತಿನಲ್ಲಿ ಕೆಂಚ ಹೊಸ್ತಿಲಾಚೆ ಕೂತು ಬಾಲ ಆಡಿಸುತ್ತಿತ್ತು. ಗೊರವರ ಮೇಲೆ ಅದು ಎಂದೂ ಹಲ್ಲು ತೋರಿಸಿದ್ದಿಲ್ಲ.

ಆ ಚಳಿಗಾಲದ ಒಂದು ಶನಿವಾರ ಒಬ್ಬ ಗೊರವ ಒಂಟಿಯಾಗಿ ಬಂದ. ಕರಿಯ ನಿಲುವಂಗಿ, ಕೂದಲ ಟೋಪಿ, ಡಮರುಗ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಕೆಂಚ ಎದ್ದು ನಿಂತಿತು. ನಿಲ್ಲಲಾರದ ಕಾಲಿನ ಮೇಲೆ ನಿಂತು ಗುರ್ ಅಂದಿತು.

ಗೊರವ ಹುಬ್ಬು ಗಂಟಿಕ್ಕಿದ. “ಈ ನಾಯಿ ನನ್ನ ಮುಖ ನೋಡಬಾರದು,” ಅಂದ. ಅಜ್ಜ ಕೆಂಚನ ಮುಖವನ್ನು ಗೋಡೆಗೆ ತಿರುಗಿಸಿ ಕೂರಿಸಿದ. ಕೆಂಚ ಗೋಡೆ ನೋಡುತ್ತಲೇ ಗುರುಗುಟ್ಟಿತು.

ಸಂಜೆಗೆ ಗೊರವ, ಈ ನಾಯಿ ಕಟ್ಟೆಯ ಮೇಲೂ ಇರಬಾರದು ಅಂದ. ಅಜ್ಜ ಅದನ್ನು ಕುರಿರೊಪ್ಪದ ಬೇಲಿಗೆ ಕಟ್ಟಿದ. ಕೆಂಚ ಅಲ್ಲಿಂದಲೇ ಬಾಗಿಲನ್ನು ನೋಡುತ್ತಾ ಕೂತಿತು.

ಭಾನುವಾರ ಬೆಳಗ್ಗೆ ಗೊರವ ಕಣ್ಣು ಮುಚ್ಚಿ, ತಲೆ ಒಲೆದು, ಮೈಲಾರ ನುಡಿಸಿದ ಅಂತ ನುಡಿದ. ದೇವರ ನಾಯಿಗೆ ಎದುರು ನಿಂತ ನಾಯಿ ಇದು. ಇದು ಹಟ್ಟಿಯಲ್ಲಿದ್ದರೆ ಕುರಿಗೆ ರೋಗ ತಪ್ಪಿದ್ದಲ್ಲ. ಇವತ್ತೇ ಹಳ್ಳ ದಾಟಿಸಿ, ತಿರುಗಿ ನೋಡದೆ ಬಾ.

ಹಳ್ಳದಾಚೆ ಇದ್ದದ್ದು ಕುರುಚಲು ಕಾಡು ಮತ್ತು ತೋಳ. ಹಿಂಗಾಲು ಬಿಗಿದ ನಾಯಿಗೆ ಅಲ್ಲಿ ಒಂದು ದಿನದ ಬಾಳೂ ಇಲ್ಲ. ಮಾಳಿಂಗಜ್ಜನಿಗೆ ಇದು ಗೊತ್ತಿತ್ತು. ಆದರೆ ದೇವರ ಮಾತು. ಹಗ್ಗ ತೆಗೆದುಕೊಂಡು ರೊಪ್ಪಕ್ಕೆ ಹೋದ. ಕುತ್ತಿಗೆಗೆ ಹಗ್ಗ ಹಾಕುವಾಗ ಆ ಸೀಳುಕಿವಿ ಕೈಗೆ ತಾಕಿತು. ಕೆಂಚ ಅವನ ಕೈ ನೆಕ್ಕಿತು. ಎಲ್ಲಿಗೋ ಕರೆದುಕೊಂಡು ಹೋಗುತ್ತಾನೆ ಅನ್ನುವ ಹುರುಪಿಗೆ ಬಾಲ ನೆಲಕ್ಕೆ ಬಡಿಯಿತು.

ಹೇಗೋ ಗಂಟು ಹಾಕಿ, ಕೆಂಚನನ್ನು ನಡೆಸಿಕೊಂಡು ಬಾಗಿಲ ಮುಂದೆ ಬಂದ. ಒಳಗೆ ದೋಣಿಸೇವೆಗೆ ಎಲ್ಲ ಸಿದ್ಧವಾಗಿತ್ತು. ಹಾಲವ್ವ ಬಟ್ಟಲು ತಂದಿಟ್ಟಳು. ಗೊರವ ಮೆಲ್ಲಗೆ ಎರಡು ಬೊಗಳು ಬೊಗಳಿ, ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಕುಡಿದುಬಿಟ್ಟ. ಅಜ್ಜ ಅದನ್ನು ಕಂಡ. ದೇವರ ಲೀಲೆ ಅಂದುಕೊಂಡ. ಹಾಲವ್ವನೂ ಕಂಡಳು. ಅವಳು ಹಾಗಂದುಕೊಳ್ಳಲಿಲ್ಲ.

“ಮಾವ, ಹೋಗೋಕ್ಕೆ ಮೊದಲು ಒಂದು ಮಾತು,” ಅಂದಳು. “ನಾಯಿ ಹೊಸ್ತಿಲು ದಾಟಬಾರದು ಅಂತ ನೀವೇ ಹೇಳಿದ್ದು. ಇವರು ದಾಟಿದ್ರಲ್ಲ?”

“ಇವರು ಮೈಲಾರನ ನಾಯಿ ಕಣವ್ವ.”

“ಕೆಂಚ ಯಾರ ನಾಯಿ ಮಾವ?”

ಅಜ್ಜ ಕೆಂಚನ ಕಡೆ ತಿರುಗಿದ. ಕಣ್ಣು ಬಿಡದ ಮರಿಯಾಗಿದ್ದಾಗ ಕೆಂಚನನ್ನು ಅಂಗೈಯಲ್ಲಿ ಹಿಡಿದು, ಅದರ ಹಣೆಗೆ ಭಂಡಾರ ಇಟ್ಟು, ‘ಇದು ಮೈಲಾರನ ನಾಯಿ, ನಾವು ಅನ್ನ ಹಾಕೋರು ಮಾತ್ರ’ ಅಂತ ಹೇಳಿದ್ದವನು ಅವನೇ. ಆ ಹಟ್ಟಿಯಲ್ಲಿ ಯಾವ ಮರಿ ಸಾಕಿದರೂ ಹಾಗೆಯೇ ಹೇಳುವುದು. ಹೇಳಿದ ಮೇಲೆ ಕಟ್ಟೆಯ ಮೇಲೆ ಬಿಡುವುದು. ಇಷ್ಟು ವರ್ಷ ಆ ಮಾತು ನಾಲಿಗೆಯ ಮೇಲೆ ಇತ್ತು. ಇವತ್ತು ಎದೆಗೆ ಇಳಿಯಿತು.

ಹಾಲವ್ವ ಮುಂದೆ ಹೇಳಿದ್ದು ಇಷ್ಟು. ಇವತ್ತು ಉಣ್ಣೆ ಕತ್ತರಿಸುವ ಮುಂಚಿನ ಕುರಿ ತೊಳೆಯುವ ದಿನ, ನಾವೆಲ್ಲ ಹಳ್ಳಕ್ಕೆ ಹೋಗಲೇಬೇಕು. ಸಂಜೆ ಬಂದು ಕೆಂಚನನ್ನು ದಾಟಿಸೋಣ. ಅಲ್ಲಿಯವರೆಗೆ ಸ್ವಾಮಿ ಮನೆಯಲ್ಲೇ ಇರಲಿ, ಇದೂ ಹೋಗುವ ಜೀವ, ಒಂದು ಸಲ ಒಳಗೆ ಮಲಗಲಿ.

ಗೊರವ ಬೇಡ ಅಂದ. ಹಾಲವ್ವ ಸೆರಗು ಹೊದ್ದು, ತಲೆ ತಗ್ಗಿಸಿ, ವಿನಯವಾಗಿ ಕೇಳಿದಳು. “ನಾಯಿಗೆ ನಾಯಿ ಅಂಜುತ್ತಾ ಸ್ವಾಮಿ?”

ಅಂಜುತ್ತದೆ ಅನ್ನುವ ಹಾಗಿಲ್ಲ. ಅಲ್ಲದೆ ಹಲ್ಲು ಸವೆದ ಮುದಿನಾಯಿ, ಏನು ಮಾಡೀತು? ಆಗಲಿ ಅಂದ ಗೊರವ.

ಮಾಳಿಂಗಜ್ಜ ಹಗ್ಗ ಬಿಚ್ಚಿದ. “ಬಾ ಕೆಂಚ,” ಅಂದ. ಕೆಂಚ ಹೊಸ್ತಿಲ ಮುಂದೆ ನಿಂತೇ ಬಿಟ್ಟಿತು. ಇಷ್ಟು ವರ್ಷದ ಕಲಿಕೆ, ಕಾಲು ಏಳಲಿಲ್ಲ. ಅಜ್ಜ ಮತ್ತೆ ಕರೆದ. ಅದು ಅವನ ಮುಖ ನೋಡಿತು. ಮೂರನೆಯ ಸಲ ಅಜ್ಜ ಕರೆಯಲಿಲ್ಲ. ಬಗ್ಗಿ, ಎರಡೂ ತೋಳಲ್ಲಿ ಎತ್ತಿಕೊಂಡು, ಒಳಗೆ ಇಳಿಸಿದ. ಗಾಳಿಯಷ್ಟೇ ಭಾರವಿತ್ತು.

ಹೊರಡುವಾಗ ಹಾಲವ್ವ ವಾಡಿಕೆಯಂತೆ ದೇವರಿಗೆ ಭಂಡಾರ ಏರಿಸಿದಳು. ಆದರೆ ಒಂದು ಹಿಡಿಯಲ್ಲ. ಬೆಳ್ಳಿಯ ಮುಖ ಮುಚ್ಚುವಷ್ಟು, ಗೂಡು ತುಂಬುವಷ್ಟು ಬೊಗಸೆ ಬೊಗಸೆ ಸುರಿದಳು. “ನೀನಿದ್ದೀಯ, ನೋಡಿಕೋ,” ಅಂದಳು. ಅದನ್ನು ದೇವರಿಗೆ ಹೇಳಿದಳೋ, ಕೆಂಚನಿಗೆ ಹೇಳಿದಳೋ, ಅಜ್ಜನಿಗೆ ತಿಳಿಯಲಿಲ್ಲ.

ಹಳ್ಳದಲ್ಲಿ ಮಗ ಬೀರ ಒಂದೊಂದೇ ಕುರಿ ಹಿಡಿದು ಕೊಡುತ್ತಿದ್ದ. ಅಜ್ಜ ಮೊಣಕಾಲು ನೀರಲ್ಲಿ ನಿಂತು ಉಣ್ಣೆ ಹಿಂಡುತ್ತಿದ್ದ. ಕೈ ಇಲ್ಲಿ, ಜೀವ ಅಲ್ಲಿ. ತೊಳೆದ ಕುರಿಯನ್ನೇ ಮತ್ತೆ ತೊಳೆದ. “ಅಪ್ಪ, ಅದು ಬೆಳ್ಳಗಾಗಲ್ಲ, ಕರೇ ಕುರಿ ಅದು,” ಅಂತ ಬೀರ ನಕ್ಕ. ಅಜ್ಜ ನಗಲಿಲ್ಲ. ಎದುರಿನ ದಂಡೆ ಕಾಣುತ್ತಿತ್ತು. ಸಂಜೆ ಕೆಂಚನನ್ನು ಅಲ್ಲಿಗೆ ನಡೆಸಬೇಕಾದದ್ದು ನೆನಪಾಗುತ್ತಿತ್ತು.

ಬಿಸಿಲು ಇಳಿಯುವ ಮುಂಚೆಯೇ ಎಲ್ಲರೂ ಮನೆಗೆ ಬಂದರು. ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ಅಡ್ಡವಾಗಿ ಕೆಂಚ ಮಲಗಿತ್ತು. ಒಳಗೆ ಗೊರವ ಗೋಡೆಗೆ ಒರಗಿ, ಮೊಣಕಾಲು ಮಡಚಿ, ಜೋಳಿಗೆ ಅಪ್ಪಿಕೊಂಡು ಕೂತಿದ್ದ.

ಏನು ನಡೆಯಿತು ಅಂತ ಕಂಡವರಿಲ್ಲ. ಆದರೆ ಬೆಳಗ್ಗೆ ಹಾಲವ್ವ ಸಗಣಿಯಿಂದ ಸಾರಿಸಿದ್ದ ನೆಲ ಎಲ್ಲ ಹೇಳುತ್ತಿತ್ತು. ದೇವರ ಗೂಡು ಬರಿದಾಗಿತ್ತು. ಗೂಡಿನಿಂದ ಜೋಳಿಗೆಯವರೆಗೆ ಭಂಡಾರ ಚೆಲ್ಲಿ ಹಳದಿ ಗೆರೆ ಎಳೆದಿತ್ತು. ಜೋಳಿಗೆಯಿಂದ ಬಾಗಿಲಿಗೆ ಹಳದಿ ಹೆಜ್ಜೆಗಳು ಮೂರು ಸಲ ಬಂದಿದ್ದವು, ಮೂರು ಸಲ ತಿರುಗಿ ಹೋಗಿದ್ದವು. ಒಂದು ಸಲದ ಗುರುತಿಗೆ ಬಾಗಿಲ ಬಳಿ ತುಪ್ಪ ಸವರಿದ ರೊಟ್ಟಿ ಬಿದ್ದಿತ್ತು, ಕೆಂಚ ಮೂಸಿಯೂ ಇರಲಿಲ್ಲ. ಇನ್ನೊಂದು ಸಲದ ಗುರುತಿಗೆ ಮುರಿದ ಕೋಲು ಬಿದ್ದಿತ್ತು. ಮೂರನೆಯ ಸಲ ಅವನು ಮಂಡಿಯೂರಿ ಬಂದಿದ್ದ. ಮಂಡಿಯ ಗುರುತೂ ಇತ್ತು, ಅಂಗೈಯ ಗುರುತೂ ಇತ್ತು. ಆವತ್ತು ಅವನು ನಿಜವಾಗಿ ನಾಯಿಯಂತೆ ನಡೆದದ್ದು ಅದೊಂದೇ ಸಲ ಇರಬೇಕು.

ಕೆಂಚನ ತಲೆಯ ಮೇಲೆ, ಆ ಸೀಳುಕಿವಿಯ ಪಕ್ಕದಲ್ಲಿ, ಭಂಡಾರ ದಟ್ಟವಾಗಿ ಬಿದ್ದಿತ್ತು.

“ದೇವರೇ ಗೂಡು ಬಿಟ್ಟು ನನ್ನ ಹತ್ತಿರ ಬಂದ,” ಅಂದ ಆ ಮನುಷ್ಯ.

“ಬಂದವನು ಜೋಳಿಗೆ ಬಾಯಿ ಬಿಗಿದುಕೊಂಡು ಕೂತನಾ?” ಅಂದಳು ಹಾಲವ್ವ.

ಬೀರ ಕೈಯೆತ್ತಿದ. ಮಾಳಿಂಗಜ್ಜ ತಡೆದ. ಜೋಳಿಗೆಯಿಂದ ಬೆಳ್ಳಿಯ ಮುಖ ತೆಗೆದು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟ. ಆ ಕರಿಯ ನಿಲುವಂಗಿ ಕಳಚಿಡು, ಅದನ್ನು ತೊಡುವವರ ಮಾನ ದೊಡ್ಡದು ಅಂದ. ಒಂದು ಹಳೆಯ ಕಂಬಳಿ ಕೊಟ್ಟ, ಕುಡಿಯಲು ಮಜ್ಜಿಗೆ ಕೊಟ್ಟ. ಆಮೇಲೆ ಬೆಳಗಿನ ಹಗ್ಗವನ್ನು ಗೂಟಕ್ಕೆ ನೇತುಹಾಕಿ, ಅವನ ಜೊತೆ ಹೊರಟ.

“ಹಳ್ಳ ದಾಟಿಸಬೇಕಾದ ನಾಯಿ ಯಾವುದು ಅಂತ ಈಗ ತಿಳೀತು. ನಡಿ,” ಅಂದ.

ದಾಟಿಸಿ, ತಿರುಗಿ ನೋಡದೆ ಬಂದ.

ಬಂದವನು ಕೈಕಾಲು ತೊಳೆದು, ದೋಣಿಯ ಬಟ್ಟಲಿಗೆ ಹಾಲು, ತುಪ್ಪ, ಬಾಳೆಹಣ್ಣು ಕಲಸಿ, ಪಡಸಾಲೆಯಲ್ಲಿ ದೇವರ ಮುಂದೆ ಇಟ್ಟ. “ಬಾರಪ್ಪ,” ಅಂದ. ಕೆಂಚ ಕುಂಟುತ್ತಾ ಬಂದು ತಿಂದಿತು. ಕೈ ಮುಟ್ಟಿಸದೆ, ಬಾಯಿಂದಲೇ. ಅಜ್ಜ ಅದರ ಪಕ್ಕ ಮಂಡಿಯೂರಿ ಕೂತು ಕಣ್ಣೊರೆಸಿಕೊಂಡ. ಮೈಲಿಗೆಯ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಆವತ್ತು ಒಲೆಯ ಪಕ್ಕ ಕೆಂಚನಿಗೆ ಹೊಸ ಕಂಬಳಿ ಹಾಸಿದರು. ಅದು ಮಲಗಿತು. ಮೈ ಕಾದ ಮೇಲೆ ಮೆಲ್ಲಗೆ ಎದ್ದು ಹೋಗಿ ಹೊಸ್ತಿಲ ಮೇಲೆ ಮಲಗಿತು. ಬೆನ್ನು ಒಳಗೆ ಬೆಚ್ಚಗೆ, ಮೂತಿ ಹೊರಗೆ ಕುರಿಗಳ ಕಡೆಗೆ. ಅಜ್ಜ ಒಳಗೆ ಕರೆಯಲಿಲ್ಲ, ಹೊರಗೂ ದೂಡಲಿಲ್ಲ. ಚಳಿಯಾದರೆ ಒಲೆಗೆ ಬರಲಿ, ಮನಸ್ಸಾದರೆ ಕಟ್ಟೆಗೆ ಹೋಗಲಿ, ಬಾಗಿಲು ಮಾತ್ರ ಮುಚ್ಚಬೇಡಿ ಅಂದ. ಹಟ್ಟಿಯವರು ಎರಡು ದಿನ ನಕ್ಕರು. ಆಮೇಲೆ ಅವರ ಮನೆಯ ಮುದಿನಾಯಿಗಳೂ ಒಲೆಯ ಪಕ್ಕ ಕಾಣಿಸಿದವು.

ಬೆಳಗ್ಗೆ ಹಾಲವ್ವ ಹೊಸ್ತಿಲು ಸಾರಿಸಿ ರಂಗೋಲಿ ಹಾಕಲು ಬಂದರೆ ಕೆಂಚ ಏಳುತ್ತಿರಲಿಲ್ಲ. ಅವಳೂ ಏಳಿಸುತ್ತಿರಲಿಲ್ಲ. ಅದರ ಸುತ್ತ ಎಳೆ ಎಳೆದು, ನಡುವೆ ಕೆಂಚನನ್ನೇ ಬಿಟ್ಟು, ಹಣೆಗೆ ಚಿಟಿಕೆ ಭಂಡಾರ ಇಟ್ಟು ಹೋಗುತ್ತಿದ್ದಳು.

ಇದರ ನೀತಿ ಇಷ್ಟೇ, ಮಕ್ಕಳೇ. ನಾಯಿ ಒಳಗಿರಬೇಕೋ ಹೊರಗಿರಬೇಕೋ ಅಂತ ವಾದ ಮಾಡುವ ಮುಂಚೆ ಅದಕ್ಕೆ ಚಳಿಯೋ, ನೋವೋ, ಮುಪ್ಪೋ ನೋಡಿ. ನಮ್ಮ ಬಾಗಿಲು ಕಾಯ್ದ ಜೀವಕ್ಕೆ ಆ ಬಾಗಿಲು ಮುಚ್ಚಬಾರದು. ದೇವರ ಹೆಸರು ಹೇಳಿಕೊಂಡು ಬಂದವರಿಗೆಲ್ಲ ಒಳಗೆ ಕಂಬಳಿ ಹಾಸಿ, ದೇವರು ಕೊಟ್ಟ ಜೀವವನ್ನು ಹೊರಗೆ ನಡುಗಿಸಿದರೆ, ಅದು ಭಕ್ತಿಯಲ್ಲ.

ಕತೆ ಇಲ್ಲಿಗೆ ಮುಗಿಯಿತು. ಚಳಿ ಜೋರಾಗಿದೆ. ಮನೆಗೆ ಹೋದವರು ಬಾಗಿಲು ಹಾಕುವ ಮುಂಚೆ ಒಮ್ಮೆ ಕಟ್ಟೆಯ ಕಡೆ ನೋಡಿ.