ಇರುವೆ ಮುಟ್ಟದ ಕಡಲೆಬೀಜ

ಊರಿನ ಹೊಲಗಳು ಮುಗಿದು ಕಾಡು ಶುರುವಾಗುವ ಕಡೆ ಒಂದು ಕೆರೆ, ಕೆರೆಯ ದಂಡೆಗೆ ಒಂದು ಹೊಂಗೆಯ ತೋಪು. ಮಕ್ಕಳೇ, ಆ ತೋಪಿನಲ್ಲಿ ವರ್ಷಕ್ಕೊಂದು ಹಬ್ಬ. ಬೋಳಾಗಿ ನಿಂತ ಮರಗಳೆಲ್ಲ ಚಿಗುರು ಹೊದ್ದುಕೊಂಡ ದಿನ ಅಲ್ಲಿನ ಪ್ರಾಣಿ ಪಕ್ಷಿಗಳು ಒಬ್ಬರ ಮನೆಗೊಬ್ಬರು ಎಲೆಯ ಪೊಟ್ಟಣದಲ್ಲಿ ಉಡುಗೊರೆ ಒಯ್ಯುತ್ತಿದ್ದವು. ಕಾಳೋ, ಹಣ್ಣೋ, ಜೇನಿನ ಚೂರೋ, ಯಾರ ಕೈಲಾದದ್ದು ಅವರು.

ಪೊಟ್ಟಣ ಕೊಡುವುದಕ್ಕೆ ಒಂದು ಪದ್ಧತಿ ಇತ್ತು. ತಂದವರು ಬಾಗಿಲಲ್ಲೇ ಅದನ್ನು ಬಿಚ್ಚಿ, ಒಂದು ಕಾಳನ್ನು ತಾವು ಮೊದಲು ತಿಂದು, ಆಮೇಲೆ ಮನೆಯವರ ಕೈಗೆ ಕೊಡಬೇಕು. ಅದಕ್ಕೆ 'ಮೊದಲ ಕಾಳು' ಎಂದೇ ಹೆಸರು. ಯಾಕೆ ಹಾಗೆ, ಯಾರು ಶುರು ಮಾಡಿದರು ಎನ್ನುವುದು ಯಾರಿಗೂ ನೆನಪಿರಲಿಲ್ಲ. ಮರಿಗಳು ಕೇಳಿದರೆ ದೊಡ್ಡವರು, "ಹಂಗೇ ಮಾಡಬೇಕು, ಸುಮ್ಮನಿರು" ಎಂದು ಗದರುತ್ತಿದ್ದರು.

ತೋಪಿನ ನಡುಮರದ ಪೊಟರೆಯಲ್ಲಿ ದ್ಯಾವಕ್ಕ ಎಂಬ ಅಳಿಲು ಇದ್ದಳು. ಅವಳಷ್ಟು ಚೆನ್ನಾಗಿ ಚೌಕಾಸಿ ಮಾಡುವವರು ಆ ಸುತ್ತಿನಲ್ಲೇ ಇರಲಿಲ್ಲ. ಕಾಡಿಗೆ ಬೆಂಕಿ ಬಿದ್ದ ಬೇಸಿಗೆಯಲ್ಲಿ ತಾಯಿ ಸತ್ತಾಗ ದ್ಯಾವಕ್ಕನ ಬಾಲಕ್ಕೆ ಇನ್ನೂ ಸರಿಯಾಗಿ ಕೂದಲು ಬಂದಿರಲಿಲ್ಲ. ತಂಗಿ ಹೊನ್ನಿಯಂತೂ ಕಣ್ಣೇ ಬಿಟ್ಟಿರಲಿಲ್ಲ. ಒಡೆದ ಕಾಳು, ಹುಳ ಹಿಡಿದ ಕಾಳು, ಮಳೆಗೆ ನೆನೆದು ಮುಗ್ಗಿದ ಕಾಳು, ಬೇರೆಯವರು ಬೇಡವೆಂದದ್ದನ್ನೆಲ್ಲ ಜಗಳವಾಡಿ ಬೆಲೆ ಇಳಿಸಿ ತಂದು ದ್ಯಾವಕ್ಕ ತಂಗಿಯನ್ನು ಉಳಿಸಿಕೊಂಡಳು. ತನ್ನ ನಾಲಿಗೆಯೇ ತಂಗಿಯನ್ನು ಸಾಕಿತು ಎಂಬುದು ಅವಳ ಹೆಮ್ಮೆ. ಅದು ಸುಳ್ಳೂ ಅಲ್ಲ.

ಆದರೆ ಕಷ್ಟ ಹೋದ ಮೇಲೂ ನಾಲಿಗೆ ಸುಮ್ಮನಾಗಲಿಲ್ಲ. ತೋಪಿನಲ್ಲಿ ಹುಣಸೆಬೀಜವೇ ದುಡ್ಡು. ಅವಳ ಪೊಟರೆಯ ತಳದಲ್ಲಿ ಆ ದುಡ್ಡು ಗುಡ್ಡೆ ಬಿದ್ದಿತ್ತು. ಆದರೂ ಹೇಳಿದ ಬೆಲೆ ಕೊಟ್ಟು ಬಂದವರನ್ನು ಕಂಡರೆ ಅವಳಿಗೆ ಪಾಪ ಅನ್ನಿಸುತ್ತಿತ್ತು. "ನನ್ನನ್ನು ಕರೆದಿದ್ದರೆ ಅರ್ಧಕ್ಕೆ ಕೊಡಿಸುತ್ತಿದ್ದೆ" ಎನ್ನುತ್ತಿದ್ದಳು.

ಆ ವರ್ಷದ ಹಬ್ಬ ಬೇರೆಯಾಗಿತ್ತು. ಹೊನ್ನಿಗೆ ಎಷ್ಟೋ ಸಲ ಮರಿಗಳು ಹುಟ್ಟಿ ಉಳಿದಿರಲಿಲ್ಲ. ಈ ಸಲ ಒಂದು ಉಳಿದಿತ್ತು. ತೀರಾ ಚಿಕ್ಕದಾಗಿ ಹುಟ್ಟಿದ್ದರಿಂದ ಅದಕ್ಕೆ ಎಳ್ಳಿ ಎಂದು ಹೆಸರು. ಎಳ್ಳಿ ಈಗ ಹಾಲು ಬಿಟ್ಟು ಕಾಳು ಕಡಿಯಲು ಕಲಿತಿದ್ದಳು. ಅವಳ ಮೊದಲ ಹಬ್ಬಕ್ಕೆ ತೋಪಿನಲ್ಲೇ ದೊಡ್ಡ ಪೊಟ್ಟಣ ಒಯ್ಯಬೇಕೆಂದು ದ್ಯಾವಕ್ಕನ ಆಸೆ. ಪೊಟ್ಟಣ ದೊಡ್ಡದಾಗಬೇಕು, ಹುಣಸೆಬೀಜದ ಗುಡ್ಡೆ ಮಾತ್ರ ಕರಗಬಾರದು.

ಹಬ್ಬದ ಹಿಂದಿನ ದಿನ ಅವಳು ಡೊಳ್ಳಯ್ಯ ಎಂಬ ಹೆಗ್ಗಣದ ಅಂಗಡಿಗೆ ಹೋದಳು. ಹಳೇ ಹುತ್ತದ ಪಕ್ಕದ ಬಿಲವೇ ಅವನ ಅಂಗಡಿ. ಊರಿನ ಕಣ, ಹೊಲದ ಬದು, ಎಲ್ಲಿ ಏನು ಸಿಕ್ಕರೂ ಎಳೆತಂದು ಮಾರುವುದು ಅವನ ಕಸುಬು. ಬಿಲದ ಬಾಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಬನ್ನಿ ಬನ್ನಿ! ಹಬ್ಬದ ರಿಯಾಯಿತಿ! ಎರಡು ಹಿಡಿ ಕೊಂಡರೆ ಒಂದು ಹಿಡಿ ಉಚಿತ! ಇವತ್ತು ಬಿಟ್ಟರೆ ನಾಳೆ ಇಲ್ಲ!"

ದ್ಯಾವಕ್ಕ ಸಾಲಿನಲ್ಲಿದ್ದವರನ್ನು ದಾಟಿಕೊಂಡು ಮುಂದೆ ನಿಂತಳು. "ನಿನ್ನ ರಿಯಾಯಿತಿ ನನಗೆ ಗೊತ್ತಿಲ್ವಾ ಡೊಳ್ಳಯ್ಯ? ಹೋದ ವಾರ ಬೆಲೆ ಏರಿಸಿದೆ, ಇವತ್ತು ಇಳಿಸಿದೆ."

"ಬಂದಳಪ್ಪ ನಮ್ಮವ್ವ! ಇನ್ನು ನನ್ನ ಹಬ್ಬ ಆದ ಹಾಗೇ."

ಅವಳು ನಗಲಿಲ್ಲ. ಅವಳ ಕಣ್ಣು ಆಗಲೇ ಬಿಲದ ಮೂಲೆಗೆ ಹೋಗಿತ್ತು. "ಅದೇನು, ಗೋಣಿ ಚೂರು ಮುಚ್ಚಿಟ್ಟಿದ್ದೀಯ?"

"ಅದಾ? ಕಡಲೆಬೀಜ. ಅದು ಬೇಡ ಬಿಡವ್ವ. ನಿನ್ನೆ ಹೊಲದ ಬದುವಿನ ಮೇಲೆ ಚೆಲ್ಲಿತ್ತು, ಬಾಚಿಕೊಂಡು ಬಂದೆ. ಇನ್ನೂ ನಾನೇ ತಿಂದು ನೋಡಿಲ್ಲ."

"ಯಾರಿಗೋ ಎತ್ತಿಟ್ಟಿದ್ದೀಯ, ಹಂಗೆ ಹೇಳು."

ಮುಚ್ಚಿಟ್ಟದ್ದೇ ಒಳ್ಳೇ ಮಾಲು ಎಂದು ದ್ಯಾವಕ್ಕನ ಲೆಕ್ಕ. ಗೋಣಿ ಸರಿಸಿ ನೋಡಿದಳು. ಕಾಳು ದಪ್ಪ ದಪ್ಪಗೆ, ಗುಂಡಗೆ ಇದ್ದವು. ಒಳಗೊಳಗೇ ಹಿಗ್ಗಿದಳು. ಹಿಗ್ಗಿದ್ದನ್ನು ತೋರಿಸಿದರೆ ಬೆಲೆ ಇಳಿಯುವುದಿಲ್ಲವಲ್ಲ. ಮೂತಿ ತಿರುವಿದಳು.

"ಇದೇನು ಬಣ್ಣ, ಮಸಿ ಬಳಿದ ಹಾಗೆ? ಇದಕ್ಕೆ ಯಾರು ಪೂರ್ತಿ ಬೆಲೆ ಕೊಡ್ತಾರೆ?"

"ಮುಕ್ಕಾಲು ಕೊಡು, ತಗೊಂಡು ಹೋಗು" ಎಂದ ಡೊಳ್ಳಯ್ಯ. ಸಾಲಿನಲ್ಲಿ ಹಿಂದಿದ್ದವರ ಗಲಾಟೆ ಅವನಿಗೆ ಸಾಕಾಗಿತ್ತು.

"ವಾಸನೆ ನೋಡು. ಕಡಲೆಬೀಜ ಎಲ್ಲಾದರೂ ಬೆಳ್ಳುಳ್ಳಿ ವಾಸನೆ ಹೊಡೀತದಾ?"

"ಸರಿಯವ್ವ, ಅರ್ಧ."

ದ್ಯಾವಕ್ಕನಿಗೆ ಹುರುಪು ಬಂತು. ಸುತ್ತ ನೋಡಿದಳು. "ಇರು. ನಿನ್ನ ಅಂಗಡಿ ತುಂಬ ಇರುವೆ. ಬೆಲ್ಲಕ್ಕೆ ಇರುವೆ, ಅವಲಕ್ಕಿಗೆ ಇರುವೆ, ನಿನ್ನ ಮೀಸೆಗೂ ಇರುವೆ. ಈ ರಾಶಿಯ ಹತ್ತಿರ ಒಂದಾದರೂ ಇದೆಯಾ? ಇರುವೆಗೂ ಬೇಡವಾದ ಮಾಲು ಇದು!"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಡೊಳ್ಳಯ್ಯ ನಗಲಿಲ್ಲ. ಬಗ್ಗಿ ನೋಡಿದ. ನಿಜವೇ, ಒಂದು ಇರುವೆಯೂ ಇರಲಿಲ್ಲ.

"ಹೌದಲ್ಲ... ಹಂಗಾದರೆ ಇದು ಬೇಡ ಕಣವ್ವ. ಏನೋ ಎಂತೋ, ನನಗೂ ಗೊತ್ತಿಲ್ಲ."

"ಏನು ಅಂತ ಗೊತ್ತಿಲ್ಲದ ಮಾಲಿಗೆ ಅರ್ಧ ಬೆಲೆ ಕೇಳ್ತೀಯಾ? ಕಾಲು ಬೆಲೆ ಕೊಡ್ತೀನಿ. ಕೊಡ್ತೀಯೋ, ಹೋಗಲೋ?"

ಮೊಲವೊಂದು ಹಿಂದಿನಿಂದ, "ಬೇಗ ಮುಗಿಸಪ್ಪಾ" ಎಂದು ಕೂಗಿತು. ಡೊಳ್ಳಯ್ಯ ರಾಶಿಯನ್ನೆಲ್ಲ ಬಾಚಿ ಅವಳ ಮುಂದೆ ತಳ್ಳಿ, ಹುಣಸೆಬೀಜ ಎಣಿಸಿಕೊಂಡ.

ಮನೆಗೆ ಬಂದು ದ್ಯಾವಕ್ಕ ಒಂದೊಂದೇ ಕಾಳನ್ನು ಒಣ ಎಲೆಯಲ್ಲಿ ಉಜ್ಜಿದಳು. ಮಸಿ ಹೋಗಿ ಕಾಳು ಹೊಳೆಯಿತು. ಅಗಲವಾದ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ, ಮೇಲೆ ಹೂವಿನ ಗೊಂಚಲು ಸಿಕ್ಕಿಸಿದಳು. ಹೊನ್ನಿಗೆ ಎಲ್ಲಕ್ಕಿಂತ ದೊಡ್ಡದು. ಪಕ್ಕದ ಮರದ ಗೊರವಂಕ ಪಾರೋತಿಗೆ ಒಂದು, ಮೊಲದ ಮನೆಗೆ ಒಂದು. ಸಾಲಾಗಿ ಇಟ್ಟು ನೋಡಿದಳು. ಕಾಲು ಬೆಲೆಯ ಮಾಲು ಎಂದು ಯಾವ ಕಣ್ಣೂ ಹೇಳುವ ಹಾಗಿರಲಿಲ್ಲ.

ಬೆಳಗಾದಾಗ ಒಂದು ಯೋಚನೆ ಬಂತು. ಇಷ್ಟು ದುಂಡಗೆ ಕಟ್ಟಿದ್ದನ್ನು ಬಾಗಿಲಲ್ಲಿ ಬಿಚ್ಚಿದರೆ ಅಂದ ಕೆಡುತ್ತದೆ. ಮನೆಮನೆಗೂ ಒಂದೊಂದು ಕಾಳು ತಾನು ತಿಂದರೆ ಅದೂ ಖರ್ಚೇ. ಈ ಸಲ ಮೊದಲ ಕಾಳು ಬೇಡ ಎಂದುಕೊಂಡಳು.

ಹೊನ್ನಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಬೆನ್ನ ಹಿಂದಿನಿಂದ ಎಳ್ಳಿ ಇಣುಕಿದಳು.

"ದೊಡ್ಡವ್ವ ಬಂದ್ಲು! ನನಗಿಂತ ದೊಡ್ಡ ಪೊಟ್ಟಣ!"

"ನಿನಗಿಂತ ಚಿಕ್ಕದು ಏನಿದೆಯೇ ಈ ತೋಪಲ್ಲಿ?" ಎಂದು ದ್ಯಾವಕ್ಕ ಅವಳ ಕಿವಿ ಹಿಂಡಿದಳು. ಪೊಟ್ಟಣವನ್ನು ಹಾಗೇ ಹೊನ್ನಿಯ ಕೈಗಿಟ್ಟಳು. "ಹಲ್ಲು ನೋವು ಕಣೇ. ಮೊದಲ ಕಾಳು ಕಡಿಯೋಕೆ ಆಗಲ್ಲ. ಹಂಗೇ ಇಟ್ಕೋ."

ಹೊನ್ನಿ ನಕ್ಕಳು. "ನಿನ್ನ ಕೈಯಿಂದ ಬಂದದ್ದಕ್ಕೆ ಮೊದಲ ಕಾಳು ಯಾಕಕ್ಕ? ನಾನು ಉಂಡು ಬೆಳೆದದ್ದೆಲ್ಲ ನೀನು ತಂದದ್ದೇ ತಾನೆ?"

ಆ ಮಾತು ಕೇಳಿ ದ್ಯಾವಕ್ಕನ ಎದೆ ತುಂಬಿತು. ಬಾಲ ಎತ್ತಿಕೊಂಡು ಪಾರೋತಿಯ ಮರ ಹತ್ತಿದಳು.

ಪಾರೋತಿ ಜಾಣೆ ಹಕ್ಕಿ, ಬಾಯಿ ಜೋರು. ಹಲ್ಲುನೋವಿನ ಮಾತು ನಡೆಯಲಿಲ್ಲ. "ಹಬ್ಬದ ದಿನ ಅದೇನು ಹೊಸ ಕತೆ? ಚೂರು ನಾಲಿಗೆಗೆ ತಾಗಿಸು ಸಾಕು" ಎಂದು ತಾನೇ ಪೊಟ್ಟಣ ಬಿಚ್ಚಿದಳು. ಬಿಚ್ಚಿದವಳು ಹಿಂದೆ ಸರಿದಳು.

"ಇದೆಲ್ಲಿತ್ತು ದ್ಯಾವಕ್ಕ?"

"ಯಾಕೆ?"

"ಮೊನ್ನೆ ಹೊಲದವರು ಬದುವಿನ ಉದ್ದಕ್ಕೂ ಇಂಥದೇ ಕಾಳು ಚೆಲ್ಲಿ ಹೋದರು. ಇದೇ ಬೆಳ್ಳುಳ್ಳಿ ವಾಸನೆ. ಇವತ್ತು ಬೆಳಗ್ಗೆ ಹಾರಿ ಬರುವಾಗ ನೋಡಿದೆ, ಇಲಿಗಳು ಬಿಲದ ಬಾಯಲ್ಲೇ ಸತ್ತು ಬಿದ್ದಿವೆ. ಇದು ವಿಷ ಕಣೇ."

ಮಸಿಯ ಬಣ್ಣ, ಬೆಳ್ಳುಳ್ಳಿ ವಾಸನೆ, ಬಾರದ ಇರುವೆ. ಮೂರೂ ಒಟ್ಟಿಗೆ ದ್ಯಾವಕ್ಕನ ಕಣ್ಣ ಮುಂದೆ ಬಂದವು. ಮೂರನ್ನೂ ಅವಳೇ ಕಂಡುಹಿಡಿದಿದ್ದಳು. ಪೊಟ್ಟಣಗಳನ್ನು ಅಲ್ಲೇ ಎಸೆದು ಓಡಿದಳು.

ಎಳ್ಳಿ ಪೊಟರೆಯ ಬಾಯಲ್ಲಿ ಮಲಗಿದ್ದಳು. ನೀರು ನೀರು ಎನ್ನುತ್ತಿದ್ದಳು. ಹೊನ್ನಿ ಎಲೆಯಲ್ಲಿ ನೀರು ತಂದು ಕುಡಿಸುತ್ತಿದ್ದಳು, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ನೀನು ತಿಂದೆಯೇನೇ?" ಎಂದು ದ್ಯಾವಕ್ಕ ತಂಗಿಯ ಭುಜ ಹಿಡಿದು ಅಲುಗಿಸಿದಳು. "ಹೇಳೇ, ನೀನು ತಿಂದೆಯಾ?"

"ನಾನು ಮುಟ್ಟಲಿಲ್ಲ ಅಕ್ಕ. ಅವಳ ಮೊದಲ ಹಬ್ಬ, ಎಲ್ಲಾ ಅವಳಿಗೇ ಇರಲಿ ಅಂತ..." ಹೊನ್ನಿ ಅಕ್ಕನ ಮುಖ ನೋಡಿದಳು. ಆಮೇಲೆ ಪೊಟ್ಟಣದ ಕಡೆ ನೋಡಿದಳು.

ಬಿಸಿಲು ಇಳಿಯುವ ಮೊದಲೇ ಎಳ್ಳಿ ನೀರು ಕೇಳುವುದನ್ನು ನಿಲ್ಲಿಸಿದಳು.

ಮರಿಯನ್ನು ಮರದ ಬುಡದಲ್ಲಿ ಮಣ್ಣು ಮಾಡಿ, ದ್ಯಾವಕ್ಕ ನೇರವಾಗಿ ಡೊಳ್ಳಯ್ಯನ ಬಿಲಕ್ಕೆ ಹೋದಳು. ಕೈಯಲ್ಲೆಲ್ಲ ಹಸಿ ಮಣ್ಣು.

"ಪಾಪಿ, ವಿಷ ಮಾರಿದೆಯಲ್ಲೋ! ಆ ಮಗು ನಿನಗೇನು ಮಾಡಿತ್ತು?"

ಸುದ್ದಿ ಕೇಳಿದ ಡೊಳ್ಳಯ್ಯ ಗೋಡೆಗೆ ಒರಗಿ ನಿಂತ.

"ತಿಳಿಯದ ಮಾಲು ಮಾರಿದೆ ಅವ್ವ. ಅದು ನನ್ನ ತಪ್ಪು, ಸಾಯೋವರೆಗೂ ನನ್ನ ತಲೆ ಮೇಲೆ ಇರುತ್ತೆ. ಆದರೆ ನನಗೆ ಕಾಣದ್ದು ನಿನಗೆ ಕಂಡಿತ್ತಲ್ಲ. ಬಣ್ಣ ಸರಿಯಿಲ್ಲ ಅಂದವಳು ನೀನು. ವಾಸನೆ ಸರಿಯಿಲ್ಲ ಅಂದವಳು ನೀನು. ಇರುವೆ ಮುಟ್ಟಿಲ್ಲ ಅಂತ ತೋರಿಸಿದವಳೂ ನೀನೇ. ಬೇಡ ಅಂತ ನಾನೂ ಒಂದು ಮಾತು ಅಂದೆ. ಅಷ್ಟೆಲ್ಲ ಕಂಡೂ ಹೆಂಗವ್ವ ತಗೊಂಡು ಹೋದೆ?"

ಅಷ್ಟು ದೊಡ್ಡ ಬಾಯಿಯ ದ್ಯಾವಕ್ಕ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಮತ್ತೆ ಹೊಂಗೆ ಚಿಗುರಿತು. ಹಬ್ಬದ ದಿನ ದ್ಯಾವಕ್ಕ ಯಾವ ಅಂಗಡಿಗೂ ಹೋಗಲಿಲ್ಲ. ಕೆರೆಯಾಚೆಯ ಅತ್ತಿಮರ ಹತ್ತಿ, ತನ್ನ ಕೈಯಾರೆ ಮಾಗಿದ ಹಣ್ಣು ಕಿತ್ತು, ಪೊಟ್ಟಣ ಕಟ್ಟಿಕೊಂಡು ತಂಗಿಯ ಬಾಗಿಲಿಗೆ ಹೋದಳು. ವರ್ಷವಿಡೀ ಅಕ್ಕ ತಂಗಿಗೆ ಮಾತಿರಲಿಲ್ಲ.

ಹೊನ್ನಿ ಹೊರಗೆ ಬಂದಳು. ದ್ಯಾವಕ್ಕ ಪೊಟ್ಟಣ ಬಿಚ್ಚಿ ಒಂದು ಹಣ್ಣು ತಿಂದಳು. ತಂಗಿ ಕೈ ಚಾಚಲಿಲ್ಲ. ಇನ್ನೊಂದು ತಿಂದಳು. ಆಗಲೂ ಚಾಚಲಿಲ್ಲ.

ಕೊನೆಗೆ ಹೊನ್ನಿ ಪೊಟ್ಟಣ ತೆಗೆದುಕೊಂಡು, ಬಿಚ್ಚಿದ ಎಲೆಯ ಸಮೇತ ನೆಲದ ಮೇಲೆ ಇಟ್ಟಳು.

"ಕೂತ್ಕೋ ಅಕ್ಕ. ಇರುವೆ ಬರಲಿ."

ಇಬ್ಬರೂ ಆ ಎಲೆಯ ಆಚೆ ಒಬ್ಬರು, ಈಚೆ ಒಬ್ಬರು ಕೂತರು. ತೋಪಿನ ತುಂಬ ಹಬ್ಬದ ಗದ್ದಲ. ಬಿಸಿಲು ನೆತ್ತಿಗೆ ಬಂತು. ಆಗ ಒಂದು ಇರುವೆ ಬಂತು, ಹಣ್ಣಿನ ಸುತ್ತ ಒಂದು ಸುತ್ತು ಹಾಕಿ ಮೇಲೆ ಹತ್ತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು.

ಹೊನ್ನಿ ಒಂದು ಹಣ್ಣು ಎತ್ತಿಕೊಂಡಳು. ಉಳಿದದ್ದನ್ನು ಅಕ್ಕನ ಕಡೆಗೇ ಸರಿಸಿದಳು.

"ನನಗೆ ಇಷ್ಟು ಸಾಕು" ಎಂದಳು. "ಮನೆಯಲ್ಲಿ ತಿನ್ನೋರು ಇನ್ಯಾರಿದ್ದಾರೆ?"

ನೀತಿ: ದೋಷ ತೋರಿಸಿ ಬೆಲೆ ಇಳಿಸಬಹುದು, ಆದರೆ ದೋಷ ಇಳಿಯುವುದಿಲ್ಲ; ಅದು ಉಡುಗೊರೆಯ ಜೊತೆಗೇ ನಮ್ಮವರ ಮನೆ ಸೇರುತ್ತದೆ.